ಎಡಗೈ ಬ್ರೇಕು

ಹೋದ ತಿಂಗಳು ಕುಕ್ಕರಿನ ರಬ್ಬರು ತರಲು ಕೆ.ಆರ್. ಪೇಟೆಯ ಅಂಗಡಿಯೊಂದಕ್ಕೆ ಹೋಗಿದ್ದೆ. ಅಂಗಡಿಯವನು ಹುಡುಕುತ್ತಾ ಹುಡುಕುತ್ತಾ ಇನ್ಯಾವುದೋ ಡಬ್ಬಿಯನ್ನು ನನ್ನ ಮುಂದೆ ಕವುಚಿದ. ಸೈಕಲ್ಲಿನ ಬ್ರೇಕ್ ರಬ್ಬರುಗಳು. ಒಂದನ್ನು ಎತ್ತಿ ಮೂಸಿದೆ. ಐವತ್ತು ದಾಟಿದ ಹೆಂಗಸು ಬ್ರೇಕ್ ರಬ್ಬರು ಮೂಸುವುದನ್ನು ಅವನು ಅದಕ್ಕೆ ಮೊದಲು ಕಂಡಿರಲಿಕ್ಕಿಲ್ಲ. ನನಗೆ ಅದು ಹುಟ್ಟಿದ ಮನೆಯ ವಾಸನೆ. ಪಾಂಡವಪುರದಲ್ಲಿ ನಮ್ಮಪ್ಪ ಸೈಕಲ್ ಅಂಗಡಿ ಇಟ್ಟಿದ್ದರು. ಆದರೆ ಅವತ್ತು ನೆನಪಾದವರು ಅಪ್ಪ ಅಲ್ಲ, ನಮ್ಮ ಎದುರುಮನೆಯ ಕಾಂಪೌಂಡರು...

ನಾನು ಮದುವೆಯಾಗಿ ಶೀಳನೆರೆಗೆ ಬಂದದ್ದು ತೊಂಬತ್ತರ ದಶಕದ ನಡುವಿನಲ್ಲಿ. ಕಾಂಪೌಂಡರು ಹೊಣಕೆರೆ ಕಡೆಯವರು, ದನದ ಆಸ್ಪತ್ರೆಯ ಕೆಲಸಕ್ಕೆಂದು ಬಂದು ಇಲ್ಲೇ ನೆಲೆ ನಿಂತಿದ್ದರು. ಬೆದೆಗೆ ಬಂದ ಹಸುಗಳಿಗೆ ಗಬ್ಬದ ಸೂಜಿ ಹಾಕುವುದು ಅವರ ಮುಖ್ಯ ಕೆಲಸ. ಹೆಸರಿಗೆ ಸೂಜಿ, ನಿಜವಾಗಿ ಅದು ಉದ್ದನೆಯ ಸಣ್ಣ ಕೊಳವೆ. ಎಡಗೈಯನ್ನು ಮೊಣಕೈವರೆಗೆ ಹಸುವಿನ ಒಳಗೆ ಇಳಿಸಿ ಗರ್ಭಕೋಶದ ಕೊರಳನ್ನು ಬೆರಳಲ್ಲಿ ಹಿಡಿದುಕೊಳ್ಳಬೇಕು, ಬಲಗೈಯಿಂದ ಕೊಳವೆಯನ್ನು ಅಲ್ಲಿಗೆ ಮುಟ್ಟಿಸಬೇಕು. ನೋಡುವವರಿಗೆ ಬಲಗೈ ಕಾಣುತ್ತದೆ, ಕೆಲಸವೆಲ್ಲ ಎಡಗೈಯದು. ಕಾಂಪೌಂಡರು ಒಂದು ಸಲ ಕೈ ಹಾಕಿದರೆ ಗಬ್ಬ ನಿಂತಂತೆಯೇ ಎಂದು ಸುತ್ತಿನ ಹಳ್ಳಿಯವರು ನಂಬಿದ್ದರು. ಕೈಗುಣ ಎನ್ನುತ್ತಿದ್ದರು.

ಇನ್ನೊಂದು ವಿಷಯಕ್ಕೂ ಅವರು ಹೆಸರಾಗಿದ್ದರು. ಸ್ಲೋ ಸೈಕಲ್ ರೇಸಿನಲ್ಲಿ ಅವರನ್ನು ಮೀರಿಸಿದವರಿಲ್ಲ. ಕೊನೆಗೆ ಬಂದವನೇ ಗೆಲ್ಲುವ ಆಟ ಅದು. ಕಾಲು ನೆಲಕ್ಕೆ ಊರಬಾರದು, ಸುಣ್ಣದ ಗೆರೆ ತುಳಿಯಬಾರದು, ಹಿಂದಕ್ಕೆ ಸರಿಯಬಾರದು. ಎಡಗೈಯಲ್ಲಿ ಹಿಂದಿನ ಬ್ರೇಕನ್ನು ಚೂರು ಹಿಡಿದು ಚೂರು ಬಿಟ್ಟು ಸೈಕಲ್ಲನ್ನು ನಿಂತಲ್ಲೇ ನಿಲ್ಲಿಸುವ ಹದ ಅವರಿಗೆ ಸಿದ್ಧಿಸಿತ್ತು. ಅದಕ್ಕೆಂದೇ ವೈರ್ ಬ್ರೇಕಿನ ಸಣಕಲು ಸೈಕಲ್ಲೊಂದನ್ನು ಇಟ್ಟುಕೊಂಡು, ಮಡ್‌ಗಾರ್ಡು, ಕ್ಯಾರಿಯರು ಎಲ್ಲ ಬಿಚ್ಚಿ ಹಾಕಿದ್ದರು. ಬಹುಮಾನ ಬಂದ ಸ್ಟೀಲ್ ಸಾಮಾನುಗಳಿಂದ ಅವರ ಹೆಂಡತಿಯ ಅಡುಗೆಮನೆ ತುಂಬಿತ್ತು. ನಿಧಾನವೇ ಪ್ರಧಾನ ಎಂಬ ಮಾತಿನಿಂದ ಇಷ್ಟು ಲಾಭ ಮಾಡಿಕೊಂಡವರನ್ನು ನಾನು ಬೇರೆ ಕಂಡಿಲ್ಲ.

ನಾನು ಬಂದ ವರ್ಷ ರಾಜ್ಯೋತ್ಸವದ ರೇಸಿಗೆ ಕೆಲವು ವಾರವಿದ್ದಾಗ ಆ ಸೈಕಲ್ಲು ಕೆಟ್ಟಿತು. ಬ್ರೇಕ್ ಹಿಡಿದರೆ ಕಿರ್ರೋ ಎನ್ನುವುದು, ಚಕ್ರ ಮಾತ್ರ ನಿಲ್ಲದು. ನಾನು ಜಗಲಿಯಲ್ಲಿ ಕೂತು ಅಕ್ಕಿಯಲ್ಲಿ ಕಲ್ಲು ಆರಿಸುತ್ತಾ ದಿನವೂ ಆ ಕಿರ್ರನ್ನು ಕೇಳುತ್ತಿದ್ದೆ. ಹೊಸ ಸೊಸೆ, ಬಾಯಿ ಹಾಕುವುದು ಸರಿಯಲ್ಲ ಎಂದು ಸುಮ್ಮನಿದ್ದೆ. ಕೊನೆಗೆ ತಡೆಯಲಾಗದೆ ಹೇಳಿದೆ, "ರಬ್ಬರು ಓರೆ ಕುಂತದೆ ಕಣಣ್ಣ. ಒಂದು ಟೈರ್ ಉಜ್ತಾ ಅದೆ, ಇನ್ನೊಂದು ರಿಮ್ಮಿಂದ ಕೆಳಗಿಳ್ದದೆ."

"ಎರಡ್ ದಪ ಬದ್ಲಾಯಿಸ್ದೆ ಕಣವ್ವ. ಆಳಾದ್ದು ಕಚ್ತಾನೇ ಇಲ್ಲ," ಎಂದರು.

ಸ್ಪ್ಯಾನರ್ ಕೇಳಿದೆ. ಅವರು ಕೊಟ್ಟರು. ಒಳಗಿನಿಂದ ಬಂದ ನಮ್ಮತ್ತೆ ಸ್ವಲ್ಪ ಹೊತ್ತು ನೋಡಿ, "ನಾವು ಸೊಸೆ ತಂದ್ವಾ, ಸೈಕಲ್ ಸಾಪ್ನೋನ್ನ ತಂದ್ವಾ," ಎಂದು ಒಳಗೆ ಹೋದರು.

ಓರೆಯಾದ ರಬ್ಬರನ್ನು ಸರಿ ಕೂರಿಸುವುದು ಬ್ರಹ್ಮವಿದ್ಯೆಯೇನಲ್ಲ. ನಟ್ಟು ಸಡಿಲಿಸಿ, ಎರಡನ್ನೂ ರಿಮ್ಮಿನ ಮಟ್ಟಕ್ಕೆ ತಂದು, ರಬ್ಬರಿನ ಹಿಂತುದಿಗೆ ಬೆಂಕಿಪೊಟ್ಟಣದ ರಟ್ಟಿನ ಚೂರೊಂದನ್ನು ಕೊಟ್ಟು ಬಿಗಿಯಬೇಕು. ಮುಂತುದಿ ಕೂದಲೆಳೆಯಷ್ಟು ಮೊದಲು ತಾಕಿದರೆ ಕಿರ್ರೆನ್ನುವುದಿಲ್ಲ. ಅಪ್ಪ ಹಾಗೆ ಮಾಡುತ್ತಿದ್ದರು. ಆದರೆ ಬಿಗಿಯುವಾಗ ಇನ್ನೊಬ್ಬರು ಬ್ರೇಕನ್ನು ಅಮುಕಿ ಹಿಡಿದಿರಬೇಕು, ಇಲ್ಲದಿದ್ದರೆ ರಬ್ಬರು ಜಾರುತ್ತದೆ. ಕಾಂಪೌಂಡರು ಎಡಗೈಯಿಂದ ಅಮುಕಿ ಹಿಡಿದರು. ನಾನು ಬಿಗಿದೆ. ರಬ್ಬರು ಜಾರಿತು. ಇನ್ನೊಂದು ಸಲ ಬಿಗಿದೆ. ಮತ್ತೆ ಜಾರಿತು.

"ಗಟ್ಟಿಯಾಗಿ ಇಡ್ಕೊಳಿ ಅಣ್ಣ," ಎಂದೆ.

"ಇಡ್ದಿವ್ನಲ್ಲವ್ವ," ಎಂದರು.

ತಲೆ ಎತ್ತಿ ನೋಡಿದೆ. ಅವರ ಮುಖ ಕೆಂಪಾಗಿತ್ತು, ಕತ್ತಿನ ನರ ಉಬ್ಬಿತ್ತು. ಬೆರಳುಗಳು ಮಾತ್ರ ಬ್ರೇಕಿನ ಮೇಲೆ ಸುಮ್ಮನೆ ಕೂತಿದ್ದವು. ನಾನು ಬಟ್ಟೆಯ ಚೂರಿನಿಂದ ಬ್ರೇಕನ್ನು ಹ್ಯಾಂಡಲ್ಲಿಗೆ ಬಿಗಿದು ಕಟ್ಟಿ ಕೆಲಸ ಮುಗಿಸಿದೆ. ಆಮೇಲೆ ನಾನೇ ಹಿಡಿದು ತೋರಿಸಿದೆ. ಚಕ್ರ ಗಕ್ಕನೆ ನಿಂತಿತು. ಅವರು ಹಿಡಿದರು. ಚಕ್ರ ತಿರುಗುತ್ತಲೇ ಇತ್ತು.

"ಒಸಾ ರಬ್ಬರು. ಇನ್ನೂ ಒಂದ್ಕಂಡಿಲ್ಲ," ಎಂದು ಸೈಕಲ್ ತಳ್ಳಿಕೊಂಡು ಹೋದರು. ಅದು ಹೊಂದಿಕೊಳ್ಳುವಂಥದಲ್ಲ ಎಂದು ಇಬ್ಬರಿಗೂ ಗೊತ್ತಿತ್ತು. ನನಗೆ ಆ ಹೊತ್ತಿನಲ್ಲಿ ಹೆದರಿಕೆಯಾಯಿತು. ಬ್ರೇಕಿನ ವಿಷಯಕ್ಕಲ್ಲ.

ಏಕೆಂದರೆ ಊರಲ್ಲಿ ಆಗಲೇ ಮಾತು ಶುರುವಾಗಿತ್ತು. ಸೂಜಿ ಹಾಕಿಸಿದ ಹಸುಗಳು ಮತ್ತೆ ಮತ್ತೆ ಬೆದೆಗೆ ಬರುತ್ತಿದ್ದವು. ನಮ್ಮ ಹಸುವೂ ಹಾಗೆಯೇ ತಿರುಗಿ ಬಂದಿತ್ತು. ಹಾಲು ಹಾಕುವ ಸಾಲಿನಲ್ಲಿ ನಮ್ಮತ್ತೆಯೇ, "ಕಾಂಪೌಂಡ್ರ ಕೈಗುಣ ಓಯ್ತು ಬುಡಿ," ಎಂದು ಬಂದಿದ್ದರು. ಅತ್ತೆ ಕೆಟ್ಟವರಲ್ಲ. ಬಾಯಿಗೆ ಬಂದದ್ದನ್ನು ನುಂಗುವ ಅಭ್ಯಾಸ ಇರಲಿಲ್ಲ, ಅಷ್ಟೆ.

ಕೆಲವು ದಿನದ ಮೇಲೆ ಕಾಂಪೌಂಡರು ಮತ್ತೆ ಬಂದರು. ಹಿಂದಿನ ಬ್ರೇಕಿನ ವೈರನ್ನು ಬಲಗೈ ಕಡೆಗೂ ಮುಂದಿನದನ್ನು ಎಡಗೈ ಕಡೆಗೂ ಹಾಕಿಕೊಡಲು ಆಗುತ್ತದೆಯೇ ಎಂದು ಕೇಳಿದರು. ಹಾಕಿಕೊಟ್ಟೆ. ಬಲಗೈಯಿಂದ ಹಿಡಿದು ನೋಡಿದರು. ಚಕ್ರ ನಿಂತಿತು. ಅವರು ನಗುತ್ತಾರೆಂದುಕೊಂಡೆ, ನಗಲಿಲ್ಲ.

"ಸೈಕಲ್ಗಾದ್ರೆ ವೈರು ಅದ್ಲುಬದ್ಲು ಮಾಡ್ಬುಟ್ಟೆ," ಎಂದರು. "ಅಸುಗೆ ಏನ್ಮಾಡ್ಲಿ. ಬಲಗೈ ಆಕಿ ನೋಡ್ದೆ ಕಣವ್ವ, ಅದ್ಕೆ ಒಳಗೇನೂ ಗೊತ್ತಾಯ್ತಾ ಇಲ್ಲ. ಅಲ್ಲಿ ಎಡಗೈನೇ ಕಣ್ಣು."

ಕೈಯನ್ನು ದೊಡ್ಡಾಸ್ಪತ್ರೆಗೆ ತೋರಿಸಿ ಎಂದೆ. ತೋರಿಸಿದರೆ ಕೆಲಸ ಬಿಡು ಅನ್ನುತ್ತಾರೆ ಎಂದರು. ಮನೆಯವಳಿಗೆ ಹೇಳಬೇಡ ಎಂದೂ ಹೇಳಿದರು.

ರಾಜ್ಯೋತ್ಸವದ ದಿನ ಹೈಸ್ಕೂಲ್ ಮೈದಾನದಲ್ಲಿ ಹೆಂಗಸರ ಗುಂಪಿನಲ್ಲಿ ಅವರ ಹೆಂಡತಿಯ ಪಕ್ಕ ನಿಂತು ನಾನು ಆ ರೇಸು ನೋಡಿದೆ. ಉಳಿದವರು ಒಬ್ಬೊಬ್ಬರಾಗಿ ಕಾಲೂರಿದರು, ಇಲ್ಲವೇ ಗೆರೆ ತುಳಿದರು, ಇಲ್ಲವೇ ತಡೆಯಲಾರದೆ ಮುಂದೆ ಹೋಗಿ ಗುರಿ ಮುಟ್ಟಿ ಸೋತರು. ಕಾಂಪೌಂಡರ ಸೈಕಲ್ಲು ಮೈದಾನದ ನಡುವೆ ಹೂತಿಟ್ಟ ಹಾಗೆ ನಿಂತಿತ್ತು. ಬ್ರೇಕು ಒಂದು ಸಲವೂ ಕಿರ್ರೆನ್ನಲಿಲ್ಲ. ನನಗೂ ಒಳಗೊಳಗೇ ಜಂಬ ಬಂತು, ಸುಳ್ಳು ಹೇಳುವುದಿಲ್ಲ.

ಬಹುಮಾನ ಕೊಡುವಾಗ ಅತಿಥಿಗಳು ಅವರ ಬಲಗೈ ಕುಲುಕಿದರು. ಕುಲುಕುತ್ತಲೇ ಸ್ಟೀಲಿನ ದೊಡ್ಡ ಜಗ್ಗನ್ನು ಅವರ ಎಡಗೈಗೆ ಕೊಟ್ಟರು. ಜಗ್ಗು ಅವರ ಕೈಯಲ್ಲಿ ಒಂದು ಕ್ಷಣ ಇದ್ದಂತೆ ಕಂಡಿತು. ಆಮೇಲೆ ವೇದಿಕೆಯ ಮೆಟ್ಟಿಲ ಮೇಲೆ ಠಣಠಣ ಉರುಳಿಕೊಂಡು ಕೆಳಗೆ ಬಂತು. ಜನ ನಕ್ಕರು. ಕಾಂಪೌಂಡರು ಜಗ್ಗನ್ನು ನೋಡಲಿಲ್ಲ, ತಮ್ಮ ಬೆರಳುಗಳನ್ನು ನೋಡಿಕೊಳ್ಳುತ್ತಾ ನಿಂತರು. ಎಲ್ಲರ ಜೊತೆ ನಗುತ್ತಿದ್ದ ಅವರ ಹೆಂಡತಿ ನಗು ನಿಲ್ಲಿಸಿದ್ದು ನನಗೆ ಪಕ್ಕದಲ್ಲೇ ಗೊತ್ತಾಯಿತು...

ಮಾರನೆಯ ದಿನ ಅವರೇ ದನದ ಡಾಕ್ಟರ ಬಳಿ ಹೋಗಿ, ಇನ್ನು ಸೂಜಿ ಹಾಕುವುದಿಲ್ಲ ಎಂದರಂತೆ. ಮೈಸೂರಿಗೆ ಹೋಗಿ ತೋರಿಸಿದರು. ಕತ್ತಿನ ಹತ್ತಿರ ನರ ಒತ್ತಿಕೊಂಡಿದೆ, ಹೋದ ಶಕ್ತಿ ವಾಪಸು ಬರುವುದು ಕಷ್ಟ ಎಂದು ಅಲ್ಲಿಯ ಡಾಕ್ಟರು ಹೇಳಿದರು. ಬರಲೂ ಇಲ್ಲ. ಕೆಲಸ ಹೋಗಲಿಲ್ಲ, ಆಸ್ಪತ್ರೆಯಲ್ಲಿ ಕೂತು ಜಂತುಹುಳದ ಔಷಧಿ ಕೊಡುತ್ತಿದ್ದರು. ಆದರೆ ಹೋಗಬಾರದ್ದು ಹೋಗಿತ್ತು. ನಡೆಯುವಾಗ ಎಡಗೈಯನ್ನು ಜೇಬಿನಲ್ಲಿಟ್ಟುಕೊಳ್ಳುವುದನ್ನು ಕಲಿತರು.

ಅವರು ಕೊನೆಯದಾಗಿ ಸೂಜಿ ಹಾಕಿದ್ದು ನಮ್ಮ ಹಸುವಿಗೆ, ರಾಜ್ಯೋತ್ಸವದ ಹಿಂದಿನ ವಾರ. ಅದೂ ನಿಲ್ಲಲಿಲ್ಲ. ಮೂರು ವಾರದ ಮೇಲೆ ಹಸು ಮತ್ತೆ ಬೆದೆಗೆ ಬಂದಾಗ ಅತ್ತೆ ಯಾರಿಗೂ ಹೇಳದೆ ನಮ್ಮ ಯಜಮಾನರ ಕೈಯಲ್ಲಿ ಅದನ್ನು ಮಾಕವಳ್ಳಿ ಕಡೆಯ ತೋಟವೊಂದಕ್ಕೆ ಹೋರಿಯ ಹತ್ತಿರ ಕಳಿಸಿದರು. ಕರು ಹಾಕಿದ ಮೇಲೆ ಗಿಣ್ಣು ಕಾಯಿಸಿ, ನನ್ನನ್ನೂ ಕರೆದುಕೊಂಡು ಎದುರುಮನೆಗೆ ಹೋದರು.

"ತಕಳಪ್ಪ, ನಿನ್ ಕೈಗುಣ. ಎಣ್ಗರು ಉಟ್ಟದೆ," ಎಂದರು.

ಕಾಂಪೌಂಡರು ಬಲಗೈಯಲ್ಲಿ ಬಟ್ಟಲು ತೆಗೆದುಕೊಂಡು ತಿಂದರು. ಹಸುವಿನ ಲೆಕ್ಕದಲ್ಲಿ ಅವರಿಗೆ ಮೋಸ ಮಾಡುವವರು ಹುಟ್ಟಿರಲಿಲ್ಲ. "ಮೂರ್ ವಾರ ತಡ ಆಯ್ತಲ್ಲಕ್ಕ," ಎಂದರು ಮೆಲ್ಲಗೆ.

ಅತ್ತೆ ರೆಪ್ಪೆ ಬಡಿಯಲಿಲ್ಲ. "ಇನ್ನೇನಪ್ಪ. ನಿಂದೆಲ್ಲಾ ಇಸ್ಲೋ ತಾನೆ," ಎಂದರು.

ಅವರು ನಕ್ಕರು. ನಗುತ್ತಾ ನಗುತ್ತಾ ಕಣ್ಣು ಒರೆಸಿಕೊಳ್ಳಲು ಜೇಬಿನಿಂದ ಎಡಗೈಯನ್ನೂ ತೆಗೆದರು. ನನಗೆ ಅಲ್ಲಿ ನಿಲ್ಲಲಾಗಲಿಲ್ಲ, ಹೊರಗೆ ಬಂದುಬಿಟ್ಟೆ.

ಈಗ ಕಾಂಪೌಂಡರೂ ಇಲ್ಲ, ಅತ್ತೆಯೂ ಇಲ್ಲ. ಆ ಮನೆಯಲ್ಲಿ ಬೇರೆ ಯಾರೋ ಇದ್ದಾರೆ. ಆ ಕರುವಿನ ಕರುವಿನ ಕರು ನಮ್ಮ ಕೊಟ್ಟಿಗೆಯಲ್ಲಿದೆ, ಕೇಳಿದವರಿಗೆಲ್ಲ ನನ್ನ ಮಕ್ಕಳು ಇದು ಕಾಂಪೌಂಡರ ತಳಿ ಎನ್ನುತ್ತಾರೆ. ಅದರಲ್ಲಿ ಅವರದೇನೂ ಇಲ್ಲ ಎಂದು ಗೊತ್ತಿರುವವರು ನಾನು ಮತ್ತು ನಮ್ಮ ಯಜಮಾನರು ಇಬ್ಬರೇ. ನಾವು ತಿದ್ದಿಲ್ಲ. ಈ ಊರಲ್ಲಿ ಅವರದು ಎಂದು ಹೇಳಿಕೊಳ್ಳಲು ಬೇರೆ ಏನೂ ಉಳಿದಿಲ್ಲ.