‘ಕರೆಂಟ್ ಇಲ್ಲ’ ಎನ್ನದ ಕರೆಂಟಕ್ಕ

ಇನ್ನೂ ಸರಿಯಾಗಿ ಬೆಳಕು ಹರಿದಿಲ್ಲ. ಹಳೆಯ ನೂಲಿನ ಗಿರಣಿಯ ಬೋರ್ಡ್ ರೂಮಿನಲ್ಲಿ ಕರೆಂಟಕ್ಕ ರಬ್ಬರ್ ಚಪ್ಪಲಿ ಮೆಟ್ಟಿಕೊಂಡು, ಇಕ್ಕಳದ ಹಾಗೆ ಬಾಯಿ ತೆರೆಯುವ ಮೀಟರನ್ನು ಒಂದು ತಂತಿಗೆ ಸಿಕ್ಕಿಸುತ್ತಾರೆ. ಆ ತಂತಿ ಹೋಗುವುದು ವರ್ಷಗಳಿಂದ ಬೀಗ ಬಿದ್ದಿರುವ ಹಿಂದಿನ ಶೆಡ್ಡಿಗೆ. ಅಲ್ಲಿ ಯಂತ್ರವಿಲ್ಲ, ದೀಪವಿಲ್ಲ, ಒಂದು ನರಪಿಳ್ಳೆಯೂ ಇಲ್ಲ. ಆದರೂ ಮೀಟರ್ 0.26 ಆಂಪಿಯರ್ ತೋರಿಸುತ್ತದೆ.

“ವೋಲ್ಟು ಇನ್ನೂರ ಮೂವತ್ತು. ಗುಣಿಸಿ ನೋಡಿ” ಎನ್ನುತ್ತಾರೆ. ಹೆಚ್ಚುಕಡಿಮೆ ಅರವತ್ತು ವಾಟ್. “ಭಾಗಿಸಿದ್ರೆ ತಡೆ ಸಿಗುತ್ತೆ, ಎಂಟುನೂರ ಎಂಬತ್ತೈದು ಓಮು. ತೇವಕ್ಕೆ ಸೋರ್ತಿದ್ರೆ ಮಳೆಗೊಂದು, ಬಿಸಿಲಿಗೊಂದು ಲೆಕ್ಕ ಬರ್ಬೇಕಿತ್ತು. ಇದು ದಿನಾ ಇಷ್ಟೇ. ಒಳಗೆ ಅರವತ್ತರ ಬಲ್ಬೊಂದು ಉರೀತಿದೆ. ಬಲ್ಬುಗಳನ್ನೆಲ್ಲ ನಾನೇ ಕೈಯಾರೆ ಬಿಚ್ಚಿದ್ದೀನಿ, ಅದು ಬೇರೆ ಮಾತು.”

ಸುಳ್ಳೇಕೆ ಹೇಳಲಿ, ನಾನು ಬಾಗಿಲು ಎಲ್ಲಿದೆ ಎಂದು ಒಮ್ಮೆ ನೋಡಿಕೊಳ್ಳುತ್ತೇನೆ. ಅಕ್ಕ ನಗುತ್ತಾರೆ.

ಗಿರಣಿಯವರೆಲ್ಲ ಕರೆಂಟಕ್ಕ ಎಂದು ಕರೆದರೂ, ‘ಕರೆಂಟ್ ಇಲ್ಲ’ ಎಂಬ ಮಾತನ್ನು ಅವರು ಅಪ್ಪಿತಪ್ಪಿಯೂ ಆಡುವುದಿಲ್ಲ. ನಾವು ದಿನಕ್ಕೆ ಹತ್ತು ಸಲ ಆಡುತ್ತೇವೆ, ಬಿಡಿ. ಇಲ್ಲಿ ಎಲೆಕ್ಟ್ರಿಷಿಯನ್ ಆಗಿದ್ದ ಅವರ ಯಜಮಾನರು ಹಿಂದಿನ ಶೆಡ್ಡಿನಲ್ಲಿ ಏಣಿ ಹತ್ತಿ, ಹೋಲ್ಡರ್ ಬದಲಿಸಿ ಅರವತ್ತರ ಬಲ್ಬ್ ಹಾಕಲು ಹೊರಟಿದ್ದರು. ಬೋರ್ಡಿನ ಹತ್ತಿರವಿದ್ದವನು ಆಂಪಿಯರ್ ಮುಳ್ಳು ಸೊನ್ನೆಯಲ್ಲಿರುವುದನ್ನು ನೋಡಿ, “ಕರೆಂಟ್ ಇಲ್ಲ” ಎಂದು ಕೂಗಿದ.

“ಪಾಪ, ಅವನೂ ಸುಳ್ಳಾಡ್ಲಿಲ್ಲ. ಏನೂ ಉರೀದೇ ಇದ್ದಾಗ ಕರೆಂಟ್ ಹರಿಯಲ್ಲ, ಮುಳ್ಳು ಏಳಲ್ಲ. ವೋಲ್ಟು ಮಾತ್ರ ಬಾಯಿ ಮುಚ್ಕೊಂಡು ಕಾಯ್ತಿರುತ್ತೆ. ಇವರು ಮುಟ್ಟಿದ್ರು.”

ಗಂಡನ ಜೊತೆ ತಿರುಗಿ ವೈರಿಂಗ್ ಕಲಿತಿದ್ದರಿಂದ, ಅವರು ತೀರಿಕೊಂಡ ಮೇಲೆ ಆ ಕೆಲಸ ಅಕ್ಕನಿಗೇ ಬಂತು. ಶೆಡ್ಡಿಗೆ ಬೀಗ ಬಿತ್ತು. ಅಂದಿನಿಂದ ತಮ್ಮ ಕೈಕೆಳಗೆ ಯಾರ ಬೆರಳೂ ಸುಟ್ಟಿಲ್ಲ ಎನ್ನುವಾಗ ಅಕ್ಕನ ದನಿ ಸ್ವಲ್ಪ ಏರುತ್ತದೆ.

“ಹಾಗಾದ್ರೆ ಈ ಶೆಡ್ಡಿನ ಮೇನ್ ಎಳೆದುಬಿಡಬಹುದಿತ್ತಲ್ಲ ಅಕ್ಕ?”

“ಎಳೀಬಹುದಿತ್ತು. ಕೈ ಬರ್ಲಿಲ್ಲ.”

ಇವತ್ತು ಎಳೆಯಲೇಬೇಕು. ಶೆಡ್ ಕೆಡವುವವರು ಬಂದು ನಿಂತಿದ್ದಾರೆ. ಹೊರಗಿನಿಂದ ಮೇಸ್ತ್ರಿ ಕೂಗುತ್ತಾನೆ: “ಅಕ್ಕಾ, ಒಳಗೆ ಕರೆಂಟ್ ಇಲ್ಲ ತಾನೆ? ವೈರ್ ಕಡೀಲಾ?”

“ಮುಟ್ಟೀರಾ, ಜೋಕೆ! ಲೈನ್ ಇದೆ!”

ಬೋರ್ಡ್ ರೂಮಿಗೂ ಶೆಡ್ಡಿಗೂ ನಡುವೆ ಒಂದು ಸಣ್ಣ ಕಿಟಕಿಯಿದೆ. ಅಕ್ಕ ಅದನ್ನು ತೆರೆಯುತ್ತಾರೆ. ಆಚೆ ಕಗ್ಗತ್ತಲು, ಬಲ್ಬಿನ ಬೆಳಕು ಎಳ್ಳಷ್ಟೂ ಇಲ್ಲ. ಈಚೆಯ ಬೆಳಕಿಗೆ, ಗೋಡೆಗೆ ಒರಗಿಸಿದ ಏಣಿಯ ಕೆಳಗಿನ ಮೆಟ್ಟಿಲುಗಳಷ್ಟೇ ಕಾಣುತ್ತವೆ. ಅಕ್ಕ ಸರಳಿಗೆ ಮುಖ ಹಚ್ಚಿ, ಮನೆಯಲ್ಲಿ ಊಟಕ್ಕೆ ಕರೆಯುವ ದನಿಯಲ್ಲಿ ಹೇಳುತ್ತಾರೆ:

“ರೀ, ಲೈನ್ ಇದೆ. ಇಳಿದು ಬನ್ನಿ.”

ನಾವಿಬ್ಬರೂ ಮೀಟರ್ ನೋಡುತ್ತಾ ನಿಲ್ಲುತ್ತೇವೆ. 0.26. ಮತ್ತೆ 0.26. ಆಮೇಲೆ 0.00. ಮೇನ್ ಸ್ವಿಚ್ಚನ್ನು ಇನ್ನೂ ಯಾರೂ ಮುಟ್ಟಿಲ್ಲ.

ಅಕ್ಕ ಸೆರಗಿನಿಂದ ಕಣ್ಣೊರೆಸಿಕೊಂಡು ಮೇನ್ ಎಳೆಯುತ್ತಾರೆ. ವೋಲ್ಟನ್ನೂ ಅಳೆಯುತ್ತಾರೆ: ಸೊನ್ನೆ. ಇನ್ನೊಮ್ಮೆ ಅಳೆದು, ಬಾಗಿಲಿಗೆ ಬಂದು ಕೂಗುತ್ತಾರೆ:

“ಮೇಸ್ತ್ರಿ, ಈಗ ಕರೆಂಟ್ ಇಲ್ಲ. ಏಣಿ ಮೇಲೂ ಯಾರೂ ಇಲ್ಲ. ಹೋಗಿ.”