ಉರಿ ಗೊತ್ತಾಗದ ಬರೆ

ಮೊದಲು ಕೂಸಿನ ಕಿರುಚಾಟ, ಅದರ ಹಿಂದೆಯೇ ಕಾದ ಸಲಾಕೆ ನೀರಿಗೆ ಇಳಿದ ‘ಚೊಂಯ್’. ಶಹಾಪುರದ ನಮ್ಮ ಓಣಿಯಲ್ಲಿ ಭಾನುವಾರ ಬೆಳಗಾಗುತ್ತಿದ್ದುದು ಹೀಗೆ. ಎದುರುಮನೆ ಅವ್ವ ಕಾಮಾಲೆಗೆ, ಹೊಟ್ಟೆನೋವಿಗೆ ಬರೆ ಹಾಕುತ್ತಿದ್ದಳು. ಹತ್ತಿರದ ಗೋಗಿ ಊರಿನಿಂದ ಆಟೋ ತುಂಬ ಜನ ಬರುತ್ತಿದ್ದರು. ಹೈದರಾಬಾದಿನ ಕಾನ್ವೆಂಟಿನಲ್ಲಿ ಓದಿ, ಇಲ್ಲಿಯ ಶಾಲೆಯಲ್ಲಿ ಇಂಗ್ಲಿಷ್ ಕಲಿಸಲು ಬಂದ ನಾನು ಕಿಟಕಿ ಮುಚ್ಚಿ ‘ಬಾರ್ಬೇರಿಕ್’ ಎಂದು ಗೊಣಗುತ್ತಿದ್ದೆ.

ಆದರೂ ಅವಳಿಲ್ಲದೆ ನನ್ನ ಬದುಕು ಸಾಗಿದ್ದೇ ಇಲ್ಲ. ಎಡಗೆನ್ನೆಯಲ್ಲಿ ಸದಾ ಒಂದು ಅಡಿಕೆ, ನಗುವಾಗ ಅದು ಬಲಗೆನ್ನೆಗೆ ಹೋಗುತ್ತಿತ್ತು. ನನ್ನ ಗಂಡ ತೀರಿಕೊಂಡಾಗ ತಿಂಗಳುಗಟ್ಟಲೆ ಬಿಸಿ ರೊಟ್ಟಿ ತಂದು ಎದುರು ಕೂತವಳು ಅವಳು. “ಮೊದ್ಲ ಉಣ್ರಿ ಅಕ್ಕೋರ, ಆಮ್ಯಾಲ ಅಳ್ರಿ. ಖಾಲಿ ಹೊಟ್ಟಿಲೆ ಅತ್ರ ಅದು ಸೈತ ಸರಿ ಬರಂಗಿಲ್ಲ” ಅನ್ನುತ್ತಿದ್ದಳು.

ಒಮ್ಮೆ ಅವಳಿಗೇ ಹೊಟ್ಟೆನೋವು ಬಂದಾಗ, ಪಿತ್ತಕೋಶದಲ್ಲಿ ಕಲ್ಲಿರಬಹುದೆಂದು ಯಾದಗಿರಿಯಲ್ಲಿ ಸ್ಕ್ಯಾನ್ ಮಾಡಿಸಿದೆವು. ಕಲ್ಲು ಇರಲಿಲ್ಲ. ಕಂಡದ್ದು ಕಿಡ್ನಿಯ ಮೇಲೊಂದು ಸಣ್ಣ ಗಡ್ಡೆ. ಕಲಬುರಗಿಗೆ ನಾನೇ ಕರೆದುಕೊಂಡು ಹೋದೆ. ಅಲ್ಲಿಯ ಡಾಕ್ಟರ್ ಚಿಕ್ಕ ವಯಸ್ಸಿನವರು, ತಾಳ್ಮೆಯಿಂದ ಹೇಳಿದರು:

“ಅಮ್ಮಾ, ಇದು ಕ್ಯಾನ್ಸರ್ ಗಡ್ಡಿ, ಆದ್ರ ಸಣ್ಣದದ. ಕೊಯ್ಯೂದು ಬ್ಯಾಡ. ಬೆನ್ನಿಂದ ಸೂಜಿ ಇಳಿಸಿ, ಗಡ್ಡಿ ಅಷ್ಟ ಕಾವು ಕೊಟ್ಟು ಸುಡ್ತೀವಿ. ಕಿಡ್ನಿ ಉಳೀತದ.”

ಅವ್ವನ ಮುಖ ಅರಳಿತು. “ಅಂದ್ರ ಬರಿನೇ ಹಾಕ್ತೀರಿ ಅನ್ರಿ!” ಮುಂದೆ ಬಾಗಿ, ಒಬ್ಬ ಕಸುಬುದಾರ ಇನ್ನೊಬ್ಬನನ್ನು ಕೇಳುವಂತೆ ಕೇಳಿದಳು: “ಸೂಜಿ ಕೆಂಪಗ ಕಾಸ್ತೀರೇನ್ರಿ?”

ಡಾಕ್ಟರ್ ನಕ್ಕರು. “ಇಲ್ಲಮ್ಮಾ. ತುದಿಗಷ್ಟ ಕಾವು. ನಿಮಗ ಏನೂ ಗೊತ್ತಾಗಂಗಿಲ್ಲ, ನಿದ್ದಿ ಬರಿಸಿರ್ತೀವಿ.”

ಅಲ್ಲಿಗೆ ಮುಗಿಯಿತು. ಅವ್ವ ಸೆರಗು ಹೊದ್ದುಕೊಂಡು ಎದ್ದಳು.

ಬಸ್ಸಿನಲ್ಲಿ ನಾನು ಬೇಡಿಕೊಂಡೆ, ಬೈದೆ. ಅವಳು ಕಿಟಕಿಯಾಚೆಯ ಹತ್ತಿ ಹೊಲ ನೋಡುತ್ತ, “ಉರಿ ಹತ್ತಿದ್ರ ಬ್ಯಾನಿ ಓಡ್ತದ್ರಿ. ಆ ಹುಡುಗ ಮಲಗಿಸಿ ಸುಡ್ತಾನಂತ. ಮೈ ಮಲಗಿದ್ರ ಬ್ಯಾನಿನೂ ಮಲಗಿರ್ತದ. ಸುಟ್ಟಿದ್ದು ಅದಕ್ಕ ತಿಳೀಬೇಕು ಹ್ಯಾಂಗ?” ಎಂದಳು.

ಮರುದಿನ ಅವಳನ್ನು ನನ್ನ ಶಾಲೆಗೆ ಕರೆದುಕೊಂಡು ಹೋದೆ. ಕರಿಹಲಗೆಯ ಮೇಲೆ ಕಿಡ್ನಿ ಬರೆದು ತೋರಿಸಿದೆ. “ಅವರೆಕಾಯಿ ಚಲೋ ತೆಗ್ದೀರಿ” ಎಂದಳು.

ಒಂದು ಮಧ್ಯಾಹ್ನ ಸಲಾಕೆ, ಕೆಂಡದ ತಟ್ಟೆ ಹಿಡಿದು ನಮ್ಮ ಅಡುಗೆಮನೆಗೇ ಬಂದಳು.

“ಅಕ್ಕೋರ, ನನ್ನ ಕೈ ಬೆನ್ನಿಗಿ ನಿಲುಕಂಗಿಲ್ಲ. ಸ್ಕ್ಯಾನ್ ನೋಡೀರಿ, ಜಾಗ ನಿಮಗ ಗೊತ್ತದ. ನೀವೇ ಹಾಕಿಬಿಡ್ರಿ.”

“ಆರ್ ಯೂ ಮ್ಯಾಡ್?” ಎಂದು ಕೂಗಿದೆ. “ಅವ್ವ, ನಿನ್ನ ಸಲಾಕಿ ತೊಗಲ ಸುಡ್ತದ, ಗಡ್ಡಿ ಒಳಗದ!”

“ಇಂಗ್ಲಿಷ್‌ನಾಗ ಬೈಬ್ಯಾಡ್ರಿ, ಉತ್ತರ ಕೊಡಾಕ ಬರಂಗಿಲ್ಲ” ಎಂದು ನಗುತ್ತ ಹೋದಳು. ಕೊನೆಗೆ ಸುರಪುರದ ಕಡೆಯ ಯಾರೋ ಬೆನ್ನಿಗೆ ಬರೆ ಹಾಕಿಕೊಟ್ಟರಂತೆ. ವಾರದ ಮೇಲೆ ಕುಪ್ಪಸ ಎತ್ತಿ ಬೊಕ್ಕೆ ತೋರಿಸಿದಳು. “ನೋಡ್ರಿ, ಹ್ಯಾಂಗ ಉರಿದದ!” ಆ ಹೆಮ್ಮೆ ನೋಡಿ ತಲೆ ಚಚ್ಚಿಕೊಳ್ಳುವಂತಾಯಿತು.

ಎರಡು ಬೇಸಿಗೆ ಕಳೆದವು. ಮೂತ್ರದಲ್ಲಿ ರಕ್ತ ಬಂದ ಮೇಲೆ ಅವಳಾಗಿಯೇ “ನಡೀರಿ” ಎಂದಳು. ಅದೇ ಡಾಕ್ಟರ್ ಹೊಸ ಸ್ಕ್ಯಾನನ್ನು ಬಹಳ ಹೊತ್ತು ನೋಡಿದರು. ಗಡ್ಡೆ ಸೂಜಿಯ ಕಾವಿಗೆ ದಕ್ಕದಷ್ಟು ಬೆಳೆದಿತ್ತು. ಕಿಡ್ನಿಯನ್ನೇ ತೆಗೆಯೋಣವೆಂದರೆ ಅವಳ ಹೃದಯ ತಡೆಯುವಂತಿರಲಿಲ್ಲ.

ನಾನು ಸಿಟ್ಟಿನಲ್ಲಿ ಕೇಳಿದೆ: “ಆವಾಗ್ಲೇ ಮಾಡ್ಸಿದ್ರ ಈಕಿಗಿ ಏನ್ ತ್ರಾಸ ಆಗ್ತಿತ್ತು, ಹೇಳ್ರಿ ಡಾಕ್ಟರ್.”

“ಏನಿಲ್ರಿ ಮೇಡಂ. ಎಚ್ಚರಾದ ಮ್ಯಾಲ ಮೂರ್ನಾಕ್ ದಿನ ಪಕ್ಕಿ ನೋಯ್ತಿತ್ತು, ಅಷ್ಟ.”

ಅವ್ವ ತಲೆ ಎತ್ತಿದಳು. “ನೋಯ್ತಿತ್ತೇನು?” ಎಂದಳು. ಬಾಯಲ್ಲಿದ್ದ ಅಡಿಕೆ ಅಲುಗಾಡಲಿಲ್ಲ. “ಇದೊಂದು ಮಾತು ಅವತ್ತೇ ಹೇಳಬಾರ್ದಾಗಿತ್ತೇನಪ್ಪಾ?”

ಡಾಕ್ಟರ್ ನನ್ನತ್ತ ನೋಡಿದರು. ಪಾಪ, ಅವರೇನು ಮಾಡಿಯಾರು? ನೋವಾಗುವುದಿಲ್ಲ ಎಂದರೆ ಪೇಷಂಟ್‌ಗಳು ಖುಷಿಪಡುತ್ತಾರೆಂದೇ ಅವರಿಗೆ ಗೊತ್ತು. ನನಗೂ ಹಾಗೇ ಗೊತ್ತಿತ್ತು. ಯಾರ ಮೇಲೆ ಸಿಟ್ಟಾಗಬೇಕೆಂದು ತಿಳಿಯದೆ ಮೆಟ್ಟಿಲು ಇಳಿದೆ. ಈಗಲೂ ತಿಳಿದಿಲ್ಲ.

ಕೊನೆಗೆ ಅವಳನ್ನು ಕಂಡದ್ದು ಯಾದಗಿರಿಯ ಆಸ್ಪತ್ರೆಯ ವಾರ್ಡಿನಲ್ಲಿ. ಮಗುವಿನಷ್ಟು ಸಣ್ಣಗಾಗಿದ್ದಳು. ಕಿತ್ತಳೆ ಸುಲಿದು ಬಾಯಿಗಿಟ್ಟೆ, ದಿಂಬು ಸರಿಮಾಡಿದೆ. ಶಹಾಪುರದ ಬಸ್ಸಿಗೆ ಹೊತ್ತಾಯಿತೆಂದು ಎದ್ದಾಗ ಅವಳು ನನ್ನ ಸೆರಗು ಹಿಡಿದಳು.

“ಅಕ್ಕೋರ, ನನ್ನ ಮ್ಯಾಲಿನ ಸಿಟ್ಟು ಇಳೀತೇನ್ರಿ?”

“ಇಲ್ಲ” ಎಂದೆ.

“ಚಲೋ ಆತು” ಎಂದಳು ನಗುತ್ತ. “ಉರೀಲಿ, ಇಳಸ್ಬ್ಯಾಡ್ರಿ.”