ಅಂಜೂರದ ಮರದ ಕೋಟು

ಬೆಳಕು ಹರಿಯಲು ಇನ್ನೂ ಸ್ವಲ್ಪ ಹೊತ್ತಿದೆ. ಎಮಿಲ್ ಹುದಾಕ್ ಕಬ್ಬಿಣದ ಏಣಿ ಹತ್ತುತ್ತಿದ್ದಾರೆ. ಮೈಗೆ ಬಿಳಿ ಮೇಲಂಗಿ, ಮುಖಕ್ಕೆ ರಬ್ಬರಿನ ಮಾಸ್ಕು, ಕೈಯಲ್ಲಿ ನೇರಳೆ ಬೆಳಕಿನ ಟಾರ್ಚು. ಬೆನ್ನ ಹಿಂದಿನ ಕುಲುಮೆಯಲ್ಲಿ ಹಳೆ ಕಾರು, ಕೆಟ್ಟ ಫ್ರಿಜ್ಜು, ಬೇಲಿಯ ತಂತಿ ಎಲ್ಲ ಒಟ್ಟಿಗೆ ಕರಗಿ ಉಕ್ಕಾಗುತ್ತಿವೆ. ಅಲ್ಲಿಂದೇಳುವ ಹೊಗೆಯನ್ನು ದೊಡ್ಡ ಕೊಳವೆಯೊಂದು ಎಳೆದು ತಂದು ಈ ತಗಡಿನ ಕಟ್ಟಡದೊಳಗೆ ಬಿಡುತ್ತದೆ. ಒಳಗೆ ಸಾಲುಸಾಲಾಗಿ ದಪ್ಪ ಬಟ್ಟೆಯ ಚೀಲಗಳು, ಒಂದೊಂದೂ ಎರಡಾಳುದ್ದ. ಗಾಳಿ ಬಟ್ಟೆಯಲ್ಲಿ ನುಸುಳಿ ಚಿಮಣಿ ಸೇರುತ್ತದೆ, ಧೂಳು ಚೀಲದ ಹೊರಮೈಗೆ ಅಂಟಿ ಉಳಿಯುತ್ತದೆ. ಕಾರ್ಖಾನೆಯವರ ಬಾಯಲ್ಲಿ ಇದು ಬ್ಯಾಗ್ ಹೌಸ್.

ಇವತ್ತು ಎಲ್ಲೋ ಒಂದು ಚೀಲ ಹರಿದಿದೆ. ಹೊಳೆಯುವ ಪುಡಿಯನ್ನು ಗಾಳಿಯ ಜೊತೆ ಊದಿಸಿ, ಕೋಣೆಯನ್ನು ಬಂದ್ ಮಾಡಿಸಿ, ಎಮಿಲ್ ಈಗ ಬಗ್ಗಿ ಬಗ್ಗಿ ನೋಡುತ್ತಿದ್ದಾರೆ. ಟಾರ್ಚಿನ ಬೆಳಕಿಗೆ ಪುಡಿ ಎಲ್ಲಿ ಹಸಿರಾಗಿ ಮಿನುಗುತ್ತದೋ ಅಲ್ಲಿ ತೂತು.

"ಏನ್ ಯಜಮಾನ್ರೇ, ಸಿಕ್ತಾ? ಇಲ್ಲಾ ಅಲ್ಲೇ ನಿದ್ದೆ ಹೋದ್ರಾ?" ಕೆಳಗಿನಿಂದ ಜೊತೆಗಾರ ಓಟಿಸ್ ಕೂಗುತ್ತಾನೆ.

"ಸಿಕ್ತು ಕಣೋ. ನಿನ್ನ ಕಾಲ್ಚೀಲದ ಥರಾನೇ ಹೆಬ್ಬೆರಳು ಆಚೆ ಹಾಕ್ಕೊಂಡು ನಿಂತಿದೆ."

ಓಟಿಸ್ ನಗುತ್ತಾನೆ. ಹರಿದ ಚೀಲವನ್ನು ಮೇಲಕ್ಕೆಳೆದು, ದೊಡ್ಡ ಪ್ಲಾಸ್ಟಿಕ್ಕಿನಲ್ಲಿ ಸುತ್ತಿ, ಮುಚ್ಚಳವಿರುವ ಡ್ರಮ್ಮಿಗೆ ಹಾಕಿ, ಮುಚ್ಚಳ ಬಿಗಿದು, ಎಮಿಲ್ ಮತ್ತೊಮ್ಮೆ ಬಿಗಿಯುತ್ತಾರೆ. ಆಮೇಲೆ ಕೈಯಿಂದ ಅಲುಗಿಸಿ ನೋಡುತ್ತಾರೆ. ಒಂದು ಡ್ರಮ್ಮಿಗೆ ಇಷ್ಟು ಉಪಚಾರ ಯಾಕೆ ಎಂದು ಓಟಿಸ್ ಕೇಳುವುದಿಲ್ಲ. ಅವನಿಗೆ ಗೊತ್ತು.

ಇಲ್ಲಿ ಇಂಥ ಚೀಲಗಳು ಎರಡು ಸಾವಿರಕ್ಕೂ ಮೇಲಿವೆ. ದಿನವೂ ಲಾರಿ ತುಂಬುವಷ್ಟು ಧೂಳು ಇಳಿಯುತ್ತದೆ. ಬರೀ ಮಸಿಯಲ್ಲ, ಅದರಲ್ಲಿ ಸತುವಿದೆ, ಸೀಸವಿದೆ. ಈ ಚೀಲಗಳಿಲ್ಲದಿದ್ದರೆ ಅಷ್ಟೂ ಗುಡ್ಡದ ಮೇಲಿರುವ ನಮ್ಮ ಲೋಕಸ್ಟ್ ಬೀದಿಯ ಮೇಲೆ ಸುರಿಯುತ್ತಿತ್ತು. ಚೀಲಗಳಿಲ್ಲದ ಕಾಲವನ್ನು ಕಂಡ ಹಿರಿಯರು ಇನ್ನೂ ಇದ್ದಾರೆ. ಆಗ ಬಿಳಿ ಬಟ್ಟೆ ಒಣಹಾಕುವ ಮೊದಲು ಹೆಂಗಸರು ಗಾಳಿ ಯಾವ ಕಡೆಯದೆಂದು ಬೆರಳು ಎತ್ತಿ ನೋಡುತ್ತಿದ್ದರಂತೆ. ಎಮಿಲ್ ಅವರ ತಂದೆಯೂ ಇದೇ ಕುಲುಮೆಯ ಮುಂದೆ ದುಡಿದು, ಕೆಮ್ಮಿ ಕೆಮ್ಮಿಯೇ ಹೋದವರು. ಅದಕ್ಕೇ ಎಮಿಲ್ ಯಾರೂ ಒಲ್ಲದ ಬ್ಯಾಗ್ ಹೌಸನ್ನು ಕೇಳಿ ಪಡೆದರು. ಹರೆಯದಲ್ಲಿ ಹೊಕ್ಕವರು ಈಗ ಅರವತ್ತರ ಅಂಚಿನಲ್ಲಿದ್ದಾರೆ.

ಇಂಥವರನ್ನು ಎಲೆಮರೆಯ ಕಾಯಿ ಎಂದು ಕರೆದು, ಒಂದು ಫೋಟೋ ಹಾಕಿ, ನಾಲ್ಕು ಒಳ್ಳೆಯ ಮಾತು ಬರೆದು ಮುಗಿಸುವುದು ನಮ್ಮ ಪತ್ರಿಕೆಯ ಶನಿವಾರದ ಈ ಪುಟದ ರೂಢಿ. ನಾನೂ ಅದನ್ನೇ ಮಾಡಬೇಕೆಂದು ಅವರ ಅಡುಗೆಮನೆಯಲ್ಲಿ ಹೋಗಿ ಕೂತೆ. ಅವರು ಒಪ್ಪಲಿಲ್ಲ.

"ಬರೆಯೋದಾದ್ರೆ ಬಟ್ಟೆ ವಿಷಯಾನೂ ಬರಿ. ಅದನ್ನ ಬಿಟ್ಟು ಬರೆಯೋದಾದ್ರೆ ನನ್ನ ಹೆಸರೇ ಬೇಡ. ಕಾಫಿ ಕುಡಿ, ಎದ್ದು ಹೋಗು."

ಬಟ್ಟೆಯ ವಿಷಯ ನಮ್ಮ ಬೀದಿಗೆಲ್ಲ ಗೊತ್ತು. ಪತ್ರಿಕೆಯಲ್ಲಿ ಯಾರೂ ಬರೆದಿಲ್ಲ, ಅಷ್ಟೆ.

ಎಮಿಲ್ ಕೊಡುಗೈ ಮನುಷ್ಯ. ಒಂದು ಮೊಳೆ ಬೇಕೆಂದರೂ, ಏಣಿ ಬೇಕೆಂದರೂ, ಹಿಮ ತೆಗೆಯಲು ಯಂತ್ರ ಬೇಕೆಂದರೂ ಬೀದಿ ಅವರ ಬಾಗಿಲನ್ನೇ ತಟ್ಟುತ್ತಿತ್ತು. ಕಾರ್ಖಾನೆಯಲ್ಲಿ ಹಳೆಯ ಚೀಲಗಳು ರಾಶಿ ಬೀಳುತ್ತಿದ್ದವು. ಎಂಥ ಬಟ್ಟೆ ಅಂತೀರಿ, ಕೊಳೆಯುವುದಿಲ್ಲ, ಸುಲಭಕ್ಕೆ ಹರಿಯುವುದಿಲ್ಲ, ಕಂಬಳಿಯಷ್ಟು ದಪ್ಪ. ಡ್ರಮ್ಮಿಗೆ ಹಾಕಬೇಕೆಂದು ನಿಯಮವೇನೋ ಇತ್ತು. ಅದು ಸಾಹೇಬರ ಕಾಗದಪತ್ರದ ಗೋಳು ಎಂದುಕೊಂಡು ಎಮಿಲ್ ಒಂದಿಷ್ಟನ್ನು ಮನೆಗೆ ತಂದರು, ಚೆನ್ನಾಗಿ ಒದರಿದರು, ಅಂಗಳದಲ್ಲಿ ಪೈಪು ಹಿಡಿದು ತೊಳೆದರು, ಕೇಳಿದವರಿಗೆಲ್ಲ ಹಂಚಿದರು. ಟೊಮೆಟೊ ಮಡಿಗೆ ಹಾಸಿದರೆ ಕಳೆ ಏಳುತ್ತಿರಲಿಲ್ಲ. ನಾಯಿಗೂಡಿಗೆ ಬೆಚ್ಚಗಾಯಿತು. ಜಿಂಕೆ ಬೇಟೆಯವರು ಕಾಡಿನ ಅಟ್ಟಣೆಗೆ ಸುತ್ತಿಕೊಂಡರು. ಇಟಲಿ ಕಡೆಯ ಮನೆಗಳವರು ಚಳಿಗಾಲದಲ್ಲಿ ಹಿಮಕ್ಕೆ ಸಾಯದಿರಲೆಂದು ಅಂಜೂರದ ಮರಗಳಿಗೆ ಹೊದಿಸಿದರು. ನಾನು ಕೇಳಲಿಲ್ಲ. ನನ್ನ ಹಿತ್ತಲಲ್ಲಿ ಕಳೆ ಬಿಟ್ಟು ಬೇರೇನೂ ಬೆಳೆಯುವುದಿಲ್ಲ, ಅದನ್ನೂ ಕಳೆದುಕೊಂಡರೆ ಹೇಗೆ.

ಕಳೆದ ಬೇಸಿಗೆಯಲ್ಲಿ ಟ್ರೇಸಿ ಬೊಬಾಕ್ ಅವರ ಮಗುವಿನ ರಕ್ತ ಪರೀಕ್ಷೆಯಲ್ಲಿ ಸೀಸ ಸಿಕ್ಕಿತು. ಒಂದೂವರೆ ವರ್ಷದ ಕೂಸು, ಸಿಕ್ಕಿದ್ದನ್ನೆಲ್ಲ ಬಾಯಿಗಿಡುವ ಪ್ರಾಯ. ಆರೋಗ್ಯ ಇಲಾಖೆಯ ನರ್ಸ್ ಬಂದು ಸೀಸ ಬೆರೆತ ಹಳೆಯ ಬಣ್ಣ ಇದೆಯೇ ಎಂದು ಗೋಡೆ ಕೆರೆದರು, ನಲ್ಲಿ ನೀರು ನೋಡಿದರು. ಕೊನೆಗೆ ಟೊಮೆಟೊ ಮಡಿಯ ಮಣ್ಣಿನಲ್ಲಿ ಸಿಕ್ಕಿತು. ಕೆದಕಿದರೆ ಅಡಿಯಲ್ಲಿ ಬೂದು ಬಣ್ಣದ ಬಟ್ಟೆ.

"ಇದೆಲ್ಲಿಂದ ಬಂತು ಅಂತ ಕೇಳಿದ್ರು. ಚರ್ಚಿನ ಹಳೇ ಸಾಮಾನು ಸೇಲಲ್ಲಿ ತಂದಿದ್ದು ಅಂದ್ಬಿಟ್ಟೆ," ಎನ್ನುತ್ತಾರೆ ಟ್ರೇಸಿ. "ಇವಳ ತೊಟ್ಟಿಲು ಮುರಿದಾಗ ರಾತ್ರೋರಾತ್ರಿ ಸರಿಮಾಡಿ ಕೊಟ್ಟೋರು ಎಮಿಲ್. ಅವ್ರ ಹೆಸರು ಹೇಳೋಕೆ ನಾಲಿಗೆ ಬರ್ಲಿಲ್ಲ."

ಪಕ್ಕದ ಮನೆಯವರೂ ಅದನ್ನೇ ಹೇಳಿದರು. ಇಡೀ ಬೀದಿ ಒಂದೇ ಬಾಯಿಯಾಯಿತು. ಮಗುವಿನ ರಕ್ತದಲ್ಲಿ ವಿಷವಿದ್ದಾಗ ನಾವು ದಾಕ್ಷಿಣ್ಯ ನೋಡುತ್ತಾ ಕೂತಿದ್ದೆವು ಎಂದು ಬರೆಯಲು ನನಗೆ ನಾಚಿಕೆಯಾಗುತ್ತದೆ. ವಿಷಯ ಕಿವಿಗೆ ಬಿದ್ದ ದಿನ ಎಮಿಲ್ ಊಟದ ತಟ್ಟೆ ಬಿಟ್ಟೆದ್ದು, ಸ್ವತಃ ನರ್ಸಿನ ಕಚೇರಿಗೆ ಹೋಗಿ, ಬಟ್ಟೆ ನನ್ನದು ಎಂದರು. ಅಲ್ಲಿಂದ ನೇರ ಕಾರ್ಖಾನೆಗೆ ಹೋಗಿ ಅಲ್ಲಿಯೂ ಅದನ್ನೇ ಹೇಳಿದರು. ಕಾರ್ಖಾನೆಯವರು ಕೆಲವು ವಾರ ಮನೆಯಲ್ಲಿ ಕೂರಿಸಿದರು. ಯೂನಿಯನ್ ಅವರ ಬೆನ್ನಿಗೆ ನಿಂತದ್ದರಿಂದ ಕೆಲಸ ಉಳಿಯಿತು.

"ನಿಮಗೆ ಗೊತ್ತಿರಲಿಲ್ವಾ?" ಎಂದು ನಾನು ಕೇಳಿದೆ. ಕೇಳಬಾರದಿತ್ತೇನೋ.

ಎಮಿಲ್ ಕಾಫಿಯ ಲೋಟವನ್ನು ಪಕ್ಕಕ್ಕೆ ಸರಿಸಿದರು.

"ಹೊಸದಾಗಿ ಸೇರಿದೋರಿಗೆ ನಾನು ಮೊದಲ್ನೇ ದಿನ ಹೇಳ್ಕೊಡೋದೇನು ಗೊತ್ತಾ? ಹೊಸ ಚೀಲ ಅಷ್ಟು ಚೆನ್ನಾಗಿ ಧೂಳು ಹಿಡಿಯಲ್ಲ, ಹಳೇದೇ ಹಿಡಿಯೋದು ಅಂತ. ಯಾಕಂದ್ರೆ ಬಟ್ಟೆ ಎಳೆ ಎಳೆ ಒಳಗೂ ಧೂಳು ಕೂತಿರುತ್ತೆ, ಆ ಧೂಳೇ ಮುಂದಿನ ಧೂಳನ್ನ ತಡೆಯುತ್ತೆ. ಎಷ್ಟು ಒದರಿದ್ರೂ ಅದು ಬಿಡಲ್ಲ, ಬಿಡಲೂಬಾರ್ದು. ಇಷ್ಟು ವರ್ಷ ಇದೇ ಮಾತು ಹೇಳಿದೀನಿ. ಅದೇ ಬಾಯಲ್ಲಿ ಟ್ರೇಸಿಗೆ 'ತೊಗೊಳಮ್ಮಾ, ತೊಳೆದಿದೀನಿ' ಅಂದೆ."

ಬೇಲಿಯೇ ಎದ್ದು ಹೊಲ ಮೇಯ್ದಂತೆ ಎಂಬ ಮಾತು ಇದಕ್ಕೆ ಸಲ್ಲುವುದಿಲ್ಲ, ಬೇಲಿಗೆ ಹೊಟ್ಟೆ ಹಸಿದಿರಲಿಲ್ಲ. ಆದರೂ ಹೊಲ ಹಾಳಾಯಿತು. ಚಿಮಣಿಯಿಂದ ಒಂದು ಚಿಟಿಕೆಯೂ ಬೀಳದಂತೆ ಕಾದ ಧೂಳನ್ನು ಅವರೇ ತಮ್ಮ ಪಿಕಪ್ ಗಾಡಿಯಲ್ಲಿ ತಂದು ನಮ್ಮ ಹಿತ್ತಲುಗಳಿಗೆ ಹಾಸಿದ್ದರು.

ಅಂದಿನಿಂದ ಪ್ರತಿ ಶನಿವಾರ ಪಾಳಿ ಮುಗಿಸಿ ಎಮಿಲ್ ಗೇಟಿನಿಂದ ಗೇಟಿಗೆ ಹೋಗುತ್ತಾರೆ. ಅದೇ ಬಿಳಿ ಮೇಲಂಗಿ, ಅದೇ ಮಾಸ್ಕು. ಬಟ್ಟೆಯನ್ನು ನೀರಿನಿಂದ ನೆನೆಸಿ, ಧೂಳೇಳದ ಹಾಗೆ ಮಡಚಿ, ಡ್ರಮ್ಮಿಗೆ ಹಾಕುತ್ತಾರೆ. ಮೇಲುಮಣ್ಣನ್ನು ಅಗೆದು ತೆಗೆದು ಬೇರೆ ಮಣ್ಣು ತುಂಬುತ್ತಾರೆ. ಬೆನ್ನು ನೋವು ಇದೆ, ಹೇಳುವುದಿಲ್ಲ. ಕೆಲವರು ಗೇಟು ತೆಗೆದು ಒಳಗೆ ಹೋಗಿ ಬಾಗಿಲು ಹಾಕಿಕೊಳ್ಳುತ್ತಾರೆ. ಒಬ್ಬಾತ ಮೆಟ್ಟಿಲ ಮೇಲೆ ಕೂತು, "ಪುಕ್ಕಟೆ ಕೊಟ್ಟಾಗ್ಲೇ ಅನುಮಾನ ಪಡ್ಬೇಕಿತ್ತು" ಎಂದ. ಎಮಿಲ್ ತಲೆ ಎತ್ತದೆ ಅಗೆಯುತ್ತಲೇ ಇದ್ದರು.

ಟ್ರೇಸಿಯವರ ಮಗುವಿನ ರಕ್ತದಲ್ಲಿ ಸೀಸ ಈಗ ಇಳಿಯುತ್ತಿದೆ. ಎಮಿಲ್ ಮೇಲೆ ಕೋಪ ಇಲ್ಲವೇ ಎಂದರೆ ಟ್ರೇಸಿ ನೇರವಾಗಿ ನೋಡುತ್ತಾರೆ. "ಇದೆ. ಯಾಕಿರಲ್ಲ? ಒಳ್ಳೇವ್ರು ಅಂತಾನೂ ಗೊತ್ತು, ಕೋಪಾನೂ ಇದೆ. ಎರಡೂ ಒಟ್ಟಿಗೇ ಇರುತ್ತೆ."

ಬೀದಿಯ ಬಟ್ಟೆಯೆಲ್ಲ ವಾಪಸು ಬಂದಿದೆ, ಒಂದನ್ನು ಬಿಟ್ಟು. ಅದು ಕೊನ್ಚೆಟ್ಟಾ ಡಿ ನಾರ್ಡೊ ಅವರ ಹಿತ್ತಲಲ್ಲಿದೆ. ಎಂಬತ್ತು ದಾಟಿದ ಈ ಅಜ್ಜಿಯನ್ನು ಬೀದಿಯೆಲ್ಲ ಇಟಲಿ ಮಾತಿನಲ್ಲಿ ನೋನಾ ಎಂದೇ ಕರೆಯುವುದು. ಗಂಡ ರೊಕ್ಕೋ ನೆಟ್ಟ ಅಂಜೂರದ ಮರವಿದೆ. ಆತ ತೀರಿಕೊಂಡ ಚಳಿಗಾಲ ಎಮಿಲ್ ಕೊಟ್ಟ ಚೀಲಗಳನ್ನು ಬಿಚ್ಚಿ, ಅಳತೆ ತೆಗೆದು, ನೋನಾ ಆ ಮರಕ್ಕೆ ಒಂದು ಕೋಟನ್ನೇ ಹೊಲಿದರು. ರೊಕ್ಕೋನ ಓವರ್‌ಕೋಟಿನ ಗುಂಡಿಗಳನ್ನು ಕಿತ್ತು ಅದಕ್ಕೆ ಹಚ್ಚಿದರು. ನವೆಂಬರ್ ಬಂದರೆ ತೊಡಿಸುವುದು, ಈಸ್ಟರ್ ಕಳೆದ ಮೇಲೆ ಬಿಚ್ಚುವುದು. ಎಷ್ಟು ಶನಿವಾರ ಬಂದರೂ ನೋನಾ ಎಮಿಲ್‌ಗೆ ಗೇಟು ತೆಗೆದಿಲ್ಲ. ಈಗ ಅವಸರವಿದೆ. ಈ ತಿಂಗಳ ಕೊನೆಯ ಥ್ಯಾಂಕ್ಸ್‌ಗಿವಿಂಗ್ ಹಬ್ಬಕ್ಕೆ ಮೊಮ್ಮಗಳು ಅಂಬೆಗಾಲಿಡುವ ಮಗುವಿನೊಡನೆ ಬರುತ್ತಾಳೆ, ಇಲ್ಲೇ ಉಳಿಯುತ್ತಾಳೆ.

ಈ ಶನಿವಾರ ನಾನೂ ಜೊತೆಗೆ ಹೋಗಿದ್ದೇನೆ. ಎಮಿಲ್ ಕಂಕುಳಲ್ಲಿ ಅಂಗಡಿಯಿಂದ ಕೊಂಡ ಹೊಸ ಕ್ಯಾನ್ವಾಸ್ ಬಟ್ಟೆಯ ಸುರುಳಿ. ಗೇಟಿನಾಚೆ ನೋನಾ ಕಪ್ಪು ಸ್ವೆಟರಿನಲ್ಲಿ ನಿಂತಿದ್ದಾರೆ. ಅವರ ಹಿಂದೆ ಮರ ಆಗಲೇ ಕೋಟು ತೊಟ್ಟು, ಗುಂಡಿ ಹಾಕಿಸಿಕೊಂಡು, ಗಿಡ್ಡ ಮನುಷ್ಯನ ಹಾಗೆ ನಿಂತಿದೆ.

"ಮತ್ತೆ ಬಂದ್ಯಾ?"

"ಬಂದೆ ನೋನಾ. ಮಗು ಬರುತ್ತಂತಲ್ಲ."

"ಬರುತ್ತೆ. ಅದಕ್ಕೆ?"

"ಆ ಮಣ್ಣಲ್ಲಿ ಆಡುತ್ತೆ."

"ನಿನಗೆ ನಾಚಿಕೆ ಆಗಿದೆ ಅಂತ ನನ್ನ ಮರ ಯಾಕೋ ಚಳೀಲಿ ನಿಲ್ಬೇಕು?" ನೋನಾ ಗೇಟಿನ ಚಿಲಕದ ಮೇಲೆ ಕೈಯಿಟ್ಟರು, ತೆಗೆಯಲಿಲ್ಲ. "ರೊಕ್ಕೋ ಸತ್ತಾಗ ಮಂದಿಯೆಲ್ಲ ಹೂವು ತಂದ್ರು, ಒಣಗಿ ಹೋಯ್ತು. ನೀನೊಬ್ಬ ಬಟ್ಟೆ ತಂದೆ. ಅದನ್ನ ಈಗ ವಿಷ ಅಂತೀಯ."

ಎಮಿಲ್ ಮಾಸ್ಕು ತೆಗೆದರು. ಅವರ ಕಣ್ಣು ಕೆಂಪಾಗಿದ್ದವು. "ವಿಷಾನೇ ನೋನಾ. ನಾನೇ ತಂದಿದ್ದು. ನಿಮ್ಮನೆ ಸಾವಿನ ದಿನ ನಿಮ್ಮ ಕೈಗೆ ವಿಷ ಕೊಟ್ಟೆ. ಬೈಯಿರಿ, ಹೊಡೀರಿ. ಬಟ್ಟೆ ಮಾತ್ರ ಕೊಟ್ಬಿಡಿ."

ಚಿಲಕ ಸರಿಯಿತು.

ಎಮಿಲ್ ಗುಂಡಿಗಳನ್ನು ಒಂದೊಂದಾಗಿ ಬಿಚ್ಚಿದರು. ಕೋಟನ್ನು ನೆನೆಸಿ, ಮಡಚಿ ಡ್ರಮ್ಮಿಗೆ ಹಾಕುವ ಮೊದಲು ನೋನಾ ಕತ್ತರಿ ಹಿಡಿದು ಬಂದರು. "ಗುಂಡಿ ನಂದು." ಎಮಿಲ್ ಕತ್ತರಿ ತಾವೇ ತೆಗೆದುಕೊಂಡು ಅವನ್ನು ಬಿಡಿಸಿ, ಅಂಗಳದ ನಲ್ಲಿಯಡಿ ಸೋಪು ಹಚ್ಚಿ ತಿಕ್ಕಿ, ಮತ್ತೆ ತಿಕ್ಕಿ, ಕೊಟ್ಟರು. ಆಮೇಲೆ ಮೊಣಕಾಲೂರಿ, ಬೇರಿಗೆ ನೋವಾಗದ ಹಾಗೆ ಸಣ್ಣ ಕರಣಿಯಿಂದ ಬುಡದ ಮಣ್ಣು ಕೆರೆದರು. ಮಧ್ಯಾಹ್ನದವರೆಗೂ ಕೆರೆದರು, ಬೇರೆ ಮಣ್ಣು ಸುರಿದು ಅಂಗೈಯಿಂದ ತಟ್ಟಿದರು.

ಈ ಪುಟಕ್ಕೆ ಕೊನೆಯಲ್ಲಿ ಆ ವ್ಯಕ್ತಿಯ ಒಂದು ಆಸೆ ಬೇಕು. ನಿಮ್ಮದೇನು ಎಂದು ಕೇಳಿದೆ. ಮರದ ಬುಡದಲ್ಲೇ ಕೂತು ಎಮಿಲ್ ಕೈಗವಸು ಕಳಚಿದರು.

"ಮೊದಲೆಲ್ಲ ಶನಿವಾರ ಬಂದ್ರೆ ಬಾಗಿಲು ತಟ್ತಾನೇ ಇರೋರು. ಎಮಿಲ್, ಸ್ಕ್ರೂ ಇದೆಯಾ, ಎಮಿಲ್, ಹಗ್ಗ ಇದೆಯಾ. ಈಗ ಯಾರೂ ಏನೂ ಕೇಳಲ್ಲ. ಕೇಳದೆ ಇರೋದೇ ಸರಿ. ಆದ್ರೂ, ಯಾರಾದ್ರೂ ಒಂದ್ ಸಲ ಏನಾದ್ರೂ ಕೇಳ್ಲಿ ಅನ್ಸುತ್ತೆ."

ನೋನಾ ಹಿಂದಿನ ಮೆಟ್ಟಿಲ ಮೇಲೆ ಕೂತು ಹೊಸ ಕ್ಯಾನ್ವಾಸನ್ನು ಮಡಿಲಿಗೆ ಹಾಕಿಕೊಂಡಿದ್ದರು. ಎಳೆದು ನೋಡಿದರು, ಮೂಸಿ ನೋಡಿದರು. ನಮ್ಮ ಮಾತು ಅವರಿಗೆ ಕೇಳಿಸಿತೋ ಇಲ್ಲವೋ ಗೊತ್ತಿಲ್ಲ, ಕಿವಿ ಅಷ್ಟಕ್ಕಷ್ಟೆ.

"ಎಮಿಲ್, ಗಟ್ಟಿ ದಾರ ಇದೆಯೇನೋ ನಿನ್ನ ಹತ್ರ?"

ಕಾರ್ಖಾನೆಯ ಕಪಾಟಿನಲ್ಲಿ ಚೀಲ ಹೊಲಿಯುವ ದಾರದ ಉರುಳೆಗಳಿವೆ, ಬೆಂಕಿಗೂ ಜಗ್ಗದಂಥವು. ಇದೆ ಎನ್ನಲು ಎಮಿಲ್ ಬಾಯಿ ತೆರೆದೇ ಬಿಟ್ಟಿದ್ದರು. ಮುಚ್ಚಿದರು.

"ಇಲ್ಲ ನೋನಾ. ಅಂಗಡಿಯಿಂದ ತರ್ತೀನಿ."

"ಕಪ್ಪು ತಾ."

ಅಂಗಡಿ ಗುಡ್ಡದ ಕೆಳಗಿದೆ. ಎಮಿಲ್ ಮೇಲಂಗಿ ಕಳಚಿ, ಮುಖ ಕೈ ತೊಳೆದು, ಹೋಗಿ ಬಂದರು. ಒಡೆಯದ ಪೊಟ್ಟಣವನ್ನು, ಸೀಲು ಕಾಣುವಂತೆ, ಎರಡೂ ಕೈಯಲ್ಲಿ ಹಿಡಿದು ನೀಡಿದರು. ನೋನಾ ಅದನ್ನು ತಿರುಗಿಸಿಯೂ ನೋಡಲಿಲ್ಲ. ಬಾಯಿಗಿಟ್ಟು, ಹಲ್ಲಿನಿಂದ ಕಚ್ಚಿ ಒಡೆದರು.